ಕೆಲಸವಿಲ್ಲದವನು ಎಷ್ಟನೇ ಮೆಟ್ಟಿಲಲ್ಲಿ?

ಡೊಂಬಿವಲಿಯವ:
ಅಂಧೇರಿಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಮಳೆಗಾಲಕ್ಕೆ ಮೊದಲೇ ಮನೆಗೆ ಕಳುಹಿಸಿದರು. ಹೆಂಡತಿಯ ಸಂಬಳವಿದೆ, ಊಟಕ್ಕೆ ತೊಂದರೆಯಿಲ್ಲ. ಆದರೆ ಮೊನ್ನೆ ಶನಿಪೂಜೆಯಲ್ಲಿ, ಪ್ರತಿವರ್ಷ ನನ್ನ ಕೈಗೆ ರಸೀದಿ ಪುಸ್ತಕ ಕೊಡುತ್ತಿದ್ದವರು “ಈ ಸಲ ಚಪ್ಪಲಿ ಕಡೆ ನೋಡಿಕೊಳ್ಳಿ, ಹೇಗೂ ಬಿಡುವಾಗಿದ್ದೀರಲ್ಲ” ಎಂದರು. ಡೆನ್ಮಾರ್ಕಿನಲ್ಲಿ ಕೆಲಸ ಕಳೆದುಕೊಂಡ ನನ್ನ ಭಾವಮೈದುನನೋ, ರಜೆಯಲ್ಲಿರುವವನ ಹಾಗೆ ಮಾತನಾಡುತ್ತಾನೆ. ಅಲ್ಲಿಯವರಿಗೆ ತಾವು ಕೆಳಗಿಳಿದೆವು ಎಂದು ಅನ್ನಿಸುವುದೇ ಇಲ್ಲವೇ?

ಪುಣೆಯಿಂದ:
ಅನ್ನಿಸುತ್ತದೆ. ಹಲವು ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಸಾಮಾಜಿಕ ಸಮೀಕ್ಷೆಯಲ್ಲಿ, ಸಮಾಜ ಹತ್ತು ಮೆಟ್ಟಿಲಿನದು ಎಂದುಕೊಂಡರೆ ನೀವು ಎಲ್ಲಿದ್ದೀರಿ ಎಂದು ಕೇಳುತ್ತಾರೆ. ನಿರುದ್ಯೋಗಿಗಳು ಸಾಮಾನ್ಯವಾಗಿ ಉದ್ಯೋಗಸ್ಥರಿಗಿಂತ ಕೆಳಗಿನದನ್ನೇ ತೋರಿಸುತ್ತಾರೆ. ಡೆನ್ಮಾರ್ಕಿನಲ್ಲಿ ನಿರುದ್ಯೋಗ ವಿಮೆಗೆ ಚಂದಾ ಕಟ್ಟಿದವರಿಗೆ ಹಳೆಯ ಸಂಬಳದ ಶೇ. 90ರವರೆಗೆ, ಒಂದು ಮಿತಿಯೊಳಗೆ, ಎರಡು ವರ್ಷ ಸಿಗುತ್ತದೆ. ಜರ್ಮನಿಯಲ್ಲಿ ನಿವ್ವಳ ಸಂಬಳದ ಶೇ. 60, ಮಕ್ಕಳಿದ್ದರೆ 67. ಆ ಹಣದಿಂದ ಬಾಡಿಗೆ ಕಟ್ಟಬಹುದು, ನೆಂಟರ ಬಾಯಿ ಮುಚ್ಚಿಸಲಾಗದು. ನಿಮ್ಮ ಭಾವಮೈದುನ ಅಕ್ಕನ ಮನೆಯವರ ಮುಂದೆ ಬೀಗುತ್ತಿರಲೂಬಹುದು, ಬೇಸರಿಸಬೇಡಿ.

ಪರೇಲಿನ ಹಿರಿಯ:
ಮುಂಬಯಿಯ 1982ರ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗಿದ್ದರು, ನಾನೂ ಅವರಲ್ಲೊಬ್ಬ. ಸಾಲು ಕೋಣೆಗಳ ನಮ್ಮ ಚಾಳಿನಲ್ಲಿ ಯಾವ ಖೋಲಿಗೆ ಹೋದರೂ ಒಬ್ಬ ಗಂಡಸು ಹಗಲಿನಲ್ಲಿ ಮನೆಯಲ್ಲಿರುತ್ತಿದ್ದ. ಕಿರಾಣಿ ಅಂಗಡಿಯವನು ಎಲ್ಲರ ಸಾಲವನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದ. ಹಸಿವಿತ್ತು, ನಾಚಿಕೆ ಇರಲಿಲ್ಲ. ನಾಚಿಕೆ ಬಂದದ್ದು ಆಮೇಲೆ, ಪಕ್ಕದ ಖೋಲಿಯವನಿಗೆ ಕಾವಲುಗಾರನ ಕೆಲಸ ಸಿಕ್ಕಿ ನನಗೆ ಸಿಗದಿದ್ದಾಗ.

ಪುಣೆಯಿಂದ:
ಬ್ರಿಟನ್ನಿನ ಅಂಕಿಅಂಶಗಳಿಂದ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಕ್ಲಾರ್ಕ್ 2003ರಲ್ಲಿ ತೋರಿಸಿದ್ದೂ ಇದನ್ನೇ: ಸುತ್ತಮುತ್ತ ನಿರುದ್ಯೋಗ ಹೆಚ್ಚಿದ್ದಲ್ಲಿ ನಿರುದ್ಯೋಗಿಯ ಸಂಕಟ ಕಡಿಮೆ.

ಡೊಂಬಿವಲಿಯವ:
ಹಾಗಾದರೆ ನಮ್ಮ ಸೊಸೈಟಿಯಲ್ಲಿ ಇನ್ನೂ ನಾಲ್ವರ ಕೆಲಸ ಹೋಗಲಿ ಎಂದು ಹರಕೆ ಹೊರಬೇಕೇ! ಹಿರಿಯರೇ, ಆಗ ಯಾರಾದರೂ ನಿಮ್ಮ ಉದ್ಯೋಗವೇನೆಂದು ಕೇಳಿದರೆ ಏನೆನ್ನುತ್ತಿದ್ದಿರಿ?

ಪರೇಲಿನ ಹಿರಿಯ:
ಗಿರಣಿ ಕಾರ್ಮಿಕ ಎಂದೇ. ಗಿರಣಿಗೆ ಬೀಗ ಬಿದ್ದು ಎಷ್ಟೋ ವರ್ಷವಾದ ಮೇಲೂ ರೇಷನ್ ಕಚೇರಿಯಲ್ಲಿ ಹಾಗೆಯೇ ಬರೆಸಿದೆ. ಗುಮಾಸ್ತ ತಕರಾರು ಮಾಡಲಿಲ್ಲ. ಅವನ ಅಪ್ಪನೂ ಗಿರಣಿಯವನೇ.