ಪದಚರ್ಚೆ: ಯುದ್ಧಕೈದಿ, ‘ಮರುತ’, ಮುಚ್ಚಿಹಾಕಿದ್ದು – ಫಲಕಕ್ಕೆ ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ.

ಅವಸರದಲ್ಲಿದ್ದೇನೆ, ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ವೈದ್ಯಕೀಯ ವಿದ್ಯಾರ್ಥಿಗಳ ಪ್ರದರ್ಶನ, ಕನ್ನಡ ಬರಹ ನನ್ನ ತಲೆಗೆ ಬಂದಿದೆ. ಮೊದಲ ಫಲಕ 1945ರ ಮೇ-ಜೂನ್‌ನದು. ಜಪಾನಿನ ಫುಕುವೋಕಾದಲ್ಲಿ ಕ್ಯೂಶು ಇಂಪೀರಿಯಲ್ ವಿಶ್ವವಿದ್ಯಾಲಯದ ವೈದ್ಯರು ಸೆರೆಸಿಕ್ಕ ಎಂಟು ಅಮೆರಿಕನ್ ವೈಮಾನಿಕರನ್ನು ಮೇಜಿನ ಮೇಲೆ ಮಲಗಿಸಿ ಕೊಯ್ದರು. ಶ್ವಾಸಕೋಶ ತೆಗೆದರು, ರಕ್ತದ ಬದಲು ಸಮುದ್ರದ ನೀರು ಏರಿಸಿ ನೋಡಿದರು. ಎಂಟೂ ಜನ ಸತ್ತರು. ಎರಡನೆಯದು ಚೀನಾದ ಮಂಚೂರಿಯಾದಲ್ಲಿ, ಹಾರ್ಬಿನ್ ಪಕ್ಕದ ಪಿಂಗ್‌ಫಾಂಗ್‌ನಲ್ಲಿದ್ದ 731ನೇ ತುಕಡಿಯದು, ಅಂದರೆ ರೋಗಾಣು ಅಸ್ತ್ರಕ್ಕಾಗಿ ಮನುಷ್ಯರ ಮೇಲೆ ಪ್ರಯೋಗ ಮಾಡಿದ ಜಪಾನೀ ಸೇನೆಯ ತುಕಡಿ.

ಶೀರ್ಷಿಕೆಗೆ ‘ಯುದ್ಧಕೈದಿ’ ಸಾಕಾ? ಬದುಕಿರುವವರನ್ನೇ ಕೊಯ್ದು ನೋಡುವುದಕ್ಕೆ ಏನನ್ನಬೇಕು? ಆಮೇಲೆ ಎಲ್ಲವನ್ನೂ ಮುಚ್ಚಿಹಾಕಿದರಲ್ಲ, ಅದಕ್ಕೆ ಒಂದೇ ಪದದ ನಾಮಪದ ಇದೆಯಾ? ಕೊನೆಯದಾಗಿ, ಆ ತುಕಡಿಯ ಮುಖ್ಯಸ್ಥ ಇಶೀ ಶಿರೋನನ್ನು ಅಮೆರಿಕ ವಿಚಾರಣೆಗೆ ಎಳೆಯದೆ ಬಿಟ್ಟಿತಲ್ಲ, ಆ ‘ಇಮ್ಯೂನಿಟಿ’ಗೆ ಹುಡುಗರು ಅನುವಾದ ಯಂತ್ರಕ್ಕೆ ಹಾಕಿ ತಂದ ಕರಡಿನಲ್ಲಿ “ಅಮೆರಿಕವು ಇಶೀ ಶಿರೋಗೆ ರೋಗನಿರೋಧಕ ಶಕ್ತಿ ನೀಡಿತು” ಎಂದಿದೆ. ನಗಬೇಡಿ, ಸರಿಯಾದ ಪದ ಕೊಡಿ.

– ಮೈಸೂರು

*

ಯುದ್ಧಕೈದಿ ಸಾಕು. ಆದರೆ ಪತ್ರಿಕೆಯವರ ಹಾಗೆ ‘ಖೈದಿ’ ಅಂತ ಬರೆದರೆ ನಾನು ಬಂದು ಫ್ಲೆಕ್ಸ್ ಹರಿಯುತ್ತೇನೆ. ಇದು ಅಚ್ಚಗನ್ನಡ ಪದ. ಹಳಗನ್ನಡದಲ್ಲಿ ‘ಕೈದು’ ಅಂದರೆ ಆಯುಧ. ರಣದಲ್ಲಿ ಕೈದು ಕಳಕೊಂಡು ಸಿಕ್ಕಿಬಿದ್ದವನು ಕೈದಿ. ಇದನ್ನು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

– ಪುತ್ತೂರು

*

ಕಿವಿಗೆ ಹಾಕಿಕೊಂಡಿದ್ದೇವೆ, ಒಪ್ಪಿಲ್ಲ ಅಷ್ಟೇ. ಕೈದು ಇರುವವನು ಬೇಕಾದರೆ ಕೈದಿ ಆಗಲಿ, ಕಳಕೊಂಡವನು ಕೈದಿ ಆಗುವುದು ಯಾವ ವ್ಯಾಕರಣ ಮೇಷ್ಟ್ರೇ? ‘ಕೈದ್’ ಅರಬ್ಬಿ, ಪಾರಸಿ ದಾರಿಯಲ್ಲಿ ಬಂತು. ಮುಗಿಯಿತು. ಖ ಬೇಡ ಅನ್ನುವುದಕ್ಕೆ ಅಷ್ಟೇ ಸಾಕು, ಅಲ್ಲಿಯೂ ಖ ಇಲ್ಲ.

ಮೈಸೂರಿನವರಿಗೆ ಒಂದು ಮಾತು. ಎರಡೂ ಫಲಕಕ್ಕೆ ಒಂದೇ ಪದ ಹಾಕಬೇಡಿ. ಫುಕುವೋಕಾದವರು ಯುದ್ಧಕೈದಿಗಳು, ಸರಿ. ಪಿಂಗ್‌ಫಾಂಗ್‌ನಲ್ಲಿ ಸತ್ತವರಲ್ಲಿ ಚೀನಾದ ಸಾಮಾನ್ಯ ಜನ, ಜಪಾನಿಗೆ ಎದುರು ನಿಂತವರು, ರಷ್ಯನ್ನರು ಎಲ್ಲರೂ ಇದ್ದರು. ಅಲ್ಲಿಗೆ ‘ಸೆರೆಯಾಳುಗಳು’ ಅನ್ನಿ.

– ಧಾರವಾಡ

*

‘ಯುದ್ಧ’ ಸಂಸ್ಕೃತ, ‘ಕೈದಿ’ ಅರಬ್ಬಿ. ಎರಡನ್ನೂ ಹೊಲಿದು ಕನ್ನಡ ಅಂತೀರಿ. ‘ಸೆರೆಯಾಳು’ ಅನ್ನುವ ಚೆಂದದ ಪದ ಇರುವಾಗ ಎರಡೂ ಕಡೆ ಅದನ್ನೇ ಹಾಕಿದರೆ ಯಾರ ಗಂಟು ಹೋಗುತ್ತದೆ? ವೈದ್ಯಕೀಯ ಪ್ರಯೋಗಕ್ಕೆ ‘ಮದ್ದರಿಮೆಯ ಒರೆ’. ಬದುಕಿದ್ದಾಗಲೇ ಕೊಯ್ಯುವುದಕ್ಕೆ ‘ಉಸಿರುಗೊಯ್ತ’. ಓದಿದ ಕೂಡಲೇ ಎದೆಗೆ ತಾಕುತ್ತದೆ. ‘ಸಜೀವ ಅಂಗವಿಚ್ಛೇದನ’ ಅಂತ ಬರೆದರೆ ಯಾವ ಹಳ್ಳಿಯವರಿಗೆ ತಿಳಿಯುತ್ತದೆ?

– ಬೆಂಗಳೂರು

*

‘ಉಸಿರುಗೊಯ್ತ’ ಓದಿ ನನಗೆ ಕುತ್ತಿಗೆ ಕೊಯ್ದ ಹಾಗೆ ಅನಿಸಿತು, ಡಾಕ್ಟರ್ ಆದರೂ ತಿಳಿಯಲಿಲ್ಲ. “ಬದುಕಿರುವಾಗಲೇ ಕೊಯ್ದರು” ಅಂತ ವಾಕ್ಯ ಬರೆಯಿರಿ ಸಾರ್, ನಾಮಪದದ ಹಟ ಯಾಕೆ?

‘ಮದ್ದು’ ಮಾತ್ರ ತಮಾಷೆಗೆ ಹೇಳಿದ್ದರೂ ಬಿಡಬೇಡಿ. ಕನ್ನಡದಲ್ಲಿ ಔಷಧಿಯೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಗುಟ್ಟಾಗಿ ಊಟದಲ್ಲಿ ಹಾಕುವುದೂ ಮದ್ದು. ಇಶೀ ಮಾಡಿದ್ದು ಮೂರೂ. ಆತನ ತುಕಡಿಯ ಹೊರಗಿನ ಹೆಸರು ಕ್ವಾಂಟುಂಗ್ ಸೇನೆಯ (ಮಂಚೂರಿಯಾದಲ್ಲಿದ್ದ ಜಪಾನೀ ಸೇನೆ) ರೋಗತಡೆ ಮತ್ತು ನೀರು ಶುದ್ಧೀಕರಣ ವಿಭಾಗ. ನೀರು ಸೋಸುವ ಯಂತ್ರವನ್ನು ನಿಜಕ್ಕೂ ಮಾಡಿದ್ದ. ಒಳಗೆ ಪ್ಲೇಗಿನ ಚಿಗಟ ಸಾಕುತ್ತಿದ್ದರು.

ಈಗ ಅಚ್ಚ ಪದದ ವಿಚಾರ. ಅಲ್ಲಿ ಕೈದಿಗಳನ್ನು ‘ಮರುತ’ ಅನ್ನುತ್ತಿದ್ದರು, ಮರದ ದಿಮ್ಮಿ ಅಂತ. ಆ ಕಟ್ಟಡ ಸಾಮಿಲ್ ಅಂತ ಊರವರಿಗೆ ಹೇಳಿದ್ದರಂತೆ, ಅಲ್ಲಿಂದ ಹುಟ್ಟಿದ ಪದ. ಮರುತ ಅಪ್ಪಟ ಜಪಾನೀ ಪದ, ಚೀನೀ ಮೂಲದ್ದಲ್ಲ. ಬದುಕಿದವರನ್ನು ಕೊಯ್ಯುವುದಕ್ಕೆ ಅವರಲ್ಲಿರುವ ‘ಸೆಯ್‌ತಾಯ್ ಕಾಯ್‌ಬೋ’ ಚೀನೀ ಮೂಲದ್ದು, ಗಡುಸು, ಪುಸ್ತಕದ ಪದ. ಅದರಲ್ಲಿ ನಡೆದದ್ದು ಕಾಣುತ್ತದೆ. ಮನೆಮಾತಿನ ಪದದಲ್ಲಿ ಮನುಷ್ಯನೇ ಕಾಣುವುದಿಲ್ಲ. ಬೆಂಗಳೂರಿನ ಸಾರ್ ಇದಕ್ಕೆ ಏನು ಹೇಳುತ್ತೀರಿ?

ಫಲಕದಲ್ಲಿ ‘ಮರುತ (ದಿಮ್ಮಿ)’ ಅಂತಲೇ ಇರಲಿ. ಹಿಮದಲ್ಲಿ ಕೈ ನೆನೆಸಿ ನಿಲ್ಲಿಸಿದ ಪ್ರಯೋಗದ ಬಗ್ಗೆ 1949ರಲ್ಲಿ ಸೋವಿಯತ್ತಿನವರು ಖಬರೋವ್ಸ್ಕ್‌ನಲ್ಲಿ ನಡೆಸಿದ ವಿಚಾರಣೆಯಲ್ಲಿ ಒಂದು ಸಾಕ್ಷಿ ಇದೆ. ಮರಗಟ್ಟಿದ ಕೈಗೆ ಸಣ್ಣ ಕೋಲಿನಿಂದ ಹೊಡೆದು ನೋಡುತ್ತಿದ್ದರು, ಹಲಗೆಗೆ ಹೊಡೆದ ಸದ್ದು ಬಂದರೆ ಪೂರ್ತಿ ಹೆಪ್ಪುಗಟ್ಟಿದೆ ಅಂತ ಲೆಕ್ಕ.

– ಮಣಿಪಾಲ

*

ಜಪಾನೀ ಸೈನಿಕರು ಕೆಟ್ಟವರಾದರೆ ಕನ್ನಡ ಪದ ಕೆಟ್ಟದ್ದಾಗುತ್ತದೆಯೇ? ವಾದವಲ್ಲ ಇದು. ಸುಮ್ನೆ ಸಂಸ್ಕೃತಕ್ಕೆ ವಕಾಲತ್ತು.

– ಬೆಂಗಳೂರು

*

‘ವಕಾಲತ್ತು’ ಯಾವ ಊರಿನ ಕನ್ನಡ?

– ಧಾರವಾಡ

*

ಜಗಳ ಬಿಡ್ರಪ್ಪ. ಮುಚ್ಚಿಹಾಕಿದ್ದಕ್ಕೆ ‘ಮುಚ್ಚಳಿಕೆ’ ಅಂದರೆ ಹೇಗೆ? ಮುಚ್ಚಳ, ಮುಚ್ಚು, ಎಲ್ಲ ಕೂಡಿ ಬರುತ್ತದೆ. ಅಥವಾ ‘ಎತ್ತಂಗಡಿ’. ಆ ಎಂಟು ಜನರನ್ನು ಹಿರೋಶಿಮಾಗೆ ಕಳಿಸಿದ್ದೆವು, ಬಾಂಬಿಗೆ ಸತ್ತರು ಅಂತ ದಾಖಲೆ ತಿದ್ದಿದ್ದರಲ್ಲ.

– ಹಾಸನ

*

ಮುಚ್ಚಳಿಕೆ ಅಂದರೆ ಠಾಣೆಯಲ್ಲಿ “ಇನ್ನು ಹೀಗೆ ಮಾಡುವುದಿಲ್ಲ” ಅಂತ ಬರೆದುಕೊಡುವ ಕಾಗದ. ಮುಚ್ಚಳಕ್ಕೂ ಅದಕ್ಕೂ ನಂಟಿಲ್ಲ. ಹಾಕಿದರೆ ಇಶೀ ತಪ್ಪೊಪ್ಪಿಕೊಂಡು ಸಹಿ ಮಾಡಿದ ಅಂತ ಜನ ಓದುತ್ತಾರೆ. ಆತ ಮಾಡಿದ್ದು ಉಲ್ಟಾ. 1945ರ ಆಗಸ್ಟ್‌ನಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಉಳಿದ ಕೈದಿಗಳನ್ನು ಕೊಲ್ಲಿಸಿ, ಕಟ್ಟಡಗಳನ್ನು ಸ್ಫೋಟಿಸಿ, ಗುಟ್ಟನ್ನು ಗೋರಿಗೆ ಒಯ್ಯಿರಿ ಅಂತ ತನ್ನವರಿಗೆ ತಾಕೀತು ಮಾಡಿದ.

ಎತ್ತಂಗಡಿಯೂ ಆಗದು. ಅದು ಪಿಡಿಒಗೆ, ಇನ್ಸ್‌ಪೆಕ್ಟರಿಗೆ ಆಗುವಂಥದ್ದು, ಓದಿದವರು ನಗುತ್ತಾರೆ. ಅದೂ ಅಲ್ಲದೆ ಮಂಚೂರಿಯಾದಲ್ಲಿ ಮಿಲಿಟರಿ ಪೊಲೀಸರು ಜನರನ್ನು ಪಿಂಗ್‌ಫಾಂಗ್‌ಗೆ ಸಾಗಿಸುತ್ತಿದ್ದದ್ದೇ ‘ವಿಶೇಷ ವರ್ಗಾವಣೆ’ ಅನ್ನುವ ಹೆಸರಿನಲ್ಲಿ. ಅವರ ನಯದ ಮಾತಿಗೆ ನಾವು ಇನ್ನೊಂದು ಸೇರಿಸುವುದು ಬೇಡ. ‘ಮುಚ್ಚಿಹಾಕಿದ ಬಗೆ’ ಅಂತ ಶೀರ್ಷಿಕೆ ಕೊಡಿ. ನಾಮಪದ ಬೇಕೇ ಬೇಕಾದರೆ ‘ಮುಚ್ಚುಮರೆ’, ಆದರೆ ಅದು ಮೆದು.

– ಧಾರವಾಡ

*

ರೋಗನಿರೋಧಕ ಶಕ್ತಿಗೆ ಬದಲು ‘ಕ್ಷಮಾದಾನ’ ಹಾಕೋಣವೇ?

– ಮೈಸೂರು

*

ಬೇಡವೇ ಬೇಡ. ಶಿಕ್ಷೆ ಆದವನಿಗೆ ಕ್ಷಮಾದಾನ. ಇಶೀಯನ್ನು ಕಟಕಟೆಗೇ ಕರೆಯಲಿಲ್ಲ, 1959ರಲ್ಲಿ ಗಂಟಲ ಕ್ಯಾನ್ಸರಿನಿಂದ ಸತ್ತ. ‘ವಿಚಾರಣೆಯಿಂದ ವಿನಾಯಿತಿ’ ಅನ್ನಿ. ಫುಕುವೋಕಾ ಫಲಕದಲ್ಲಿ ಈ ಪದ ಬರಬಾರದು, ಗಮನಿಸಿ. ಅವರ ವಿಚಾರಣೆ ಯೊಕೊಹಾಮಾದಲ್ಲಿ ನಡೆದು 1948ರಲ್ಲಿ 23 ಜನ ತಪ್ಪಿತಸ್ಥರು ಅಂತ ತೀರ್ಪಾಯಿತು, ಐದು ಮರಣದಂಡನೆ. ಒಂದೂ ಜಾರಿಯಾಗಲಿಲ್ಲ. ಅದಕ್ಕೆ ‘ಶಿಕ್ಷೆ ಇಳಿಕೆ’.

ಇನ್ನೊಂದು, ಕೆಲವರು ನನಗೆ ಖಾಸಗಿಯಾಗಿ ಬರೆದು ‘ಪ್ರಯೋಗ’ ಬೇಡ, ‘ಕೊಲೆ’ ಅನ್ನಿ ಅಂದರು. ಸಿಟ್ಟು ಅರ್ಥವಾಗುತ್ತದೆ. ಆದರೆ ಪ್ರಯೋಗ ಅನ್ನದಿದ್ದರೆ ಎರಡನೇ ಫಲಕವೇ ನಿಲ್ಲುವುದಿಲ್ಲ. ಬರೀ ಕೊಲೆಯಾಗಿದ್ದರೆ ಅಮೆರಿಕ ಅವರನ್ನು ಯಾಕೆ ಕಾಪಾಡುತ್ತಿತ್ತು? ಫಲಿತಾಂಶ ಬೇಕಿತ್ತು. ಅದಕ್ಕೇ ಅಮೆರಿಕ ಸೇನೆಯ ರೋಗಾಣು ಅಸ್ತ್ರಗಳ ಕೇಂದ್ರ ಕ್ಯಾಂಪ್ ಡೆಟ್ರಿಕ್‌ನಿಂದ ಒಬ್ಬರಾದ ಮೇಲೆ ಒಬ್ಬರು ಬಂದು ಕೂತು ಕೇಳಿಸಿಕೊಂಡರು. ‘ಪ್ರಯೋಗದ ಹೆಸರಿನಲ್ಲಿ’ ಅಂತಲೂ ಬೇಡ. ಪ್ರಯೋಗವೇ, ಕೊಂದದ್ದೂ ಹೌದು. ಎರಡನ್ನೂ ಬರೆಯಿರಿ.

– ಮಣಿಪಾಲ

*

ಇದು ಸರಿ. ‘ಯುದ್ಧಕೈದಿಗಳನ್ನು ಕೊಂದ ವೈದ್ಯಕೀಯ ಪ್ರಯೋಗ’, ‘ಮುಚ್ಚಿಹಾಕಿದ ಬಗೆ’ ಎರಡೂ ಅಂತಿಮ. ಒಂದೇ ವಾಕ್ಯ ಬಾಕಿ. 1947ರ ಡಿಸೆಂಬರ್‌ನಲ್ಲಿ, ಡೆಟ್ರಿಕ್‌ನಿಂದ ಬಂದ ಅಮೆರಿಕದ ಎಡ್ವಿನ್ ಹಿಲ್ ಬರೆದ ವರದಿ. ಈ ಮಾಹಿತಿಗೆ ಈವರೆಗೆ ತಗುಲಿದ್ದು 2,50,000 ಯೆನ್, ಅಸಲು ಖರ್ಚಿಗೆ ಹೋಲಿಸಿದರೆ ಜುಜುಬಿ ಅಂತ ಇದೆ. ಮನುಷ್ಯರ ಮೇಲೆ ಪ್ರಯೋಗ ಮಾಡಲು ನಮ್ಮವರಿಗೆ ಇರುವ ‘ಅದರಿಂದಾಗಿ’ ನಮ್ಮ ಲ್ಯಾಬುಗಳಲ್ಲಿ ಇದು ಸಿಗುತ್ತಿರಲಿಲ್ಲ ಅಂತಲೂ ಇದೆ. ‘ಅದಕ್ಕೆ’ ಏನು ಹಾಕಲಿ? ನೈತಿಕ ಸಂಕೋಚ? ಹಿಂಜರಿಕೆ?

– ಮೈಸೂರು

*

ಸಂಕೋಚ ಬೀಗರ ಮನೆ ಊಟಕ್ಕೆ. ‘ಅಳುಕು’.

– ಧಾರವಾಡ

*

ಅಳುಕು ಒಪ್ಪಿದೆ, ಇಡೀ ಚರ್ಚೆಯಲ್ಲಿ ಒಂದಾದರೂ ಕನ್ನಡ ಪದ ಬಂತು. ಆದರೆ ಅದರ ಪಕ್ಕದ ‘ಮಾಹಿತಿ’ ಮರಾಠಿಯದು. ‘ಅರಿವು’ ಮಾಡಿ.

– ಬೆಂಗಳೂರು

*

ಮಾಡಬೇಡಿ. ಅವರ ಕೈಗೆ ಬಂದದ್ದು 200ಕ್ಕೂ ಹೆಚ್ಚು ಮನುಷ್ಯರ ಅಂಗಾಂಗದ ಸುಮಾರು 8,000 ಸ್ಲೈಡುಗಳು, ಮೇಲೆ ಒಂದಷ್ಟು ವರದಿ. ಅದಕ್ಕೆ ‘ಮಾಹಿತಿ’ ಜಾಸ್ತಿಯೇ ಆಯಿತು.

– ಮಣಿಪಾಲ