ಅಪ್‌ಡೇಟ್: ಹಾಸನದಿಂದ ಜರ್ಮನ್ ಎಂಎ

ಹೋದ ವರ್ಷ ಕೇಳಿದ್ದೆ: ಬಿಎ ಇಂಗ್ಲಿಷ್ ಮುಗಿದಿದೆ, ಜರ್ಮನ್ ಭಾಷೆಯಲ್ಲಿ ಬಿ1 (ಎ1ರಿಂದ ಸಿ2ರವರೆಗಿನ ಆರು ಮಟ್ಟಗಳಲ್ಲಿ ಮೂರನೆಯದು) ಆಗಿದೆ, ಜರ್ಮನಿಗೆ ಹೋಗಿ ಜರ್ಮನ್ ಸಾಹಿತ್ಯದಲ್ಲೇ ಎಂಎ ಮಾಡಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಮ್ಮೂರಿನ ಏಜೆಂಟ್ ಒಬ್ಬರು ಬಿ1 ಸಾಕು ಅಂದಿದ್ದರು. ಸಾಲದು. ಜರ್ಮನಿಸ್ಟಿಕ್‌ಗೆ, ಅಂದರೆ ಜರ್ಮನ್ ಭಾಷೆ-ಸಾಹಿತ್ಯದ ಎಂಎಗೆ, ಸಾಮಾನ್ಯವಾಗಿ ಸಿ1 ಮಟ್ಟ ಬೇಕು. ವಿಶ್ವವಿದ್ಯಾಲಯ ಸೇರುವವರ ಜರ್ಮನ್ ಪರೀಕ್ಷೆಗಳಲ್ಲಿ ಡಿಎಸ್‌ಎಚ್-2, ಅಥವಾ ಟೆಸ್ಟ್‌ಡಾಫ್‌ನ ನಾಲ್ಕೂ ಭಾಗದಲ್ಲಿ 4 ಬಂದರೂ ಹೆಚ್ಚಿನ ಕಡೆ ನಡೆಯುತ್ತದೆ. ಪಾಠ, ಪ್ರಬಂಧ ಎಲ್ಲಾ ಜರ್ಮನ್‌ನಲ್ಲೇ ಅಲ್ವಾ! ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಭಾರತದಲ್ಲಿ ಓದಿದವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟೂ (ನಮ್ಮ ಪದವಿ, ಅಂಕಪಟ್ಟಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ.

ನನಗೆ ನಿಜವಾಗಿ ಅಡ್ಡ ಬಂದದ್ದು ಬಿಎ. ಅದರಲ್ಲಿ ಜರ್ಮನ್ ಕ್ರೆಡಿಟ್ ಒಂದೂ ಇಲ್ಲ. ಭಾಷೆ ಎಷ್ಟೇ ಚೆನ್ನಾಗಿ ಬಂದರೂ ಹಲವು ಕಡೆ ಅಲ್ಲಿಗೇ ಬಾಗಿಲು ಮುಚ್ಚುತ್ತದೆ. ಎರಡು ದಿನ ಊಟ ಸೇರಲಿಲ್ಲ.

ಬಿ2 ಪರೀಕ್ಷೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ (ಜರ್ಮನ್ ಭಾಷೆ-ಸಂಸ್ಕೃತಿ ಕೇಂದ್ರ) ಬರೆದೆ. ಪ್ರತಿ ಭಾಗಕ್ಕೂ 100ಕ್ಕೆ 60 ಬೇಕು. ಮೂರು ಪಾಸ್, ಬರವಣಿಗೆಯಲ್ಲಿ 54. ಆ ಒಂದನ್ನೇ ಮತ್ತೆ ಬರೆದರೆ ಸಾಕು, ಪುಣ್ಯ. ಈಗ ಬೆಳಗಿನ ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ನೋಟ್‌ಬುಕ್ಕಿನ ಎರಡು ಪುಟ ಓದುತ್ತೇನೆ. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಒಂದು ಲಿಂಗ: ಗಂಡು ಪದಕ್ಕೆ ನೀಲಿ, ಹೆಣ್ಣಿಗೆ ಕೆಂಪು, ನಪುಂಸಕಕ್ಕೆ ಹಸಿರು ಇಂಕು. ಅವರ ಸೂರ್ಯ ಕೆಂಪು, ಚಂದ್ರ ನೀಲಿ, 'ಹುಡುಗಿ' ಹಸಿರು! ಕನ್ನಡದವರಿಗೆ ಇದು ಸುಮ್ನೆ ಬರುವುದಿಲ್ಲ, ಉರು ಹೊಡೆಯಲೇಬೇಕು.

ಹೈದರಾಬಾದ್‌ನ ಇಫ್ಲು, ದೆಹಲಿಯ ಜೆಎನ್‌ಯು, ಈ ಎರಡು ವಿಶ್ವವಿದ್ಯಾಲಯಗಳಲ್ಲೂ ಜರ್ಮನ್ ಎಂಎ ಇದೆ. ಮೊದಲು ಆ ದಾರಿ ಹಿಡಿಯುತ್ತೇನೆ. ಅಪ್ಪ ಒಪ್ಪಿದ್ದಾರೆ. ಮುಂದಿನ ತಿಂಗಳು ಬರವಣಿಗೆ ಪರೀಕ್ಷೆ. ರಿಸಲ್ಟ್ ಬಂದ ಕೂಡಲೇ ತಿಳಿಸುತ್ತೇನೆ.