ಸೆಸ್ನಾ 172 ವಿಮಾನ ಸ್ಟಾರ್ಟ್ ಆದ ಕೂಡ್ಲೇ ನಡುಗುತ್ತೆ, ಎಂಟೂ ಸ್ಪಾರ್ಕ್ ಪ್ಲಗ್ ಬದಲಾಯಿಸಿ ಆಯ್ತು, ದಯವಿಟ್ಟು ಯಾರಾದ್ರೂ ದಾರಿ ಹೇಳಿ

ಹೈವಿಂಗ್_ಆಸ್ಟಿನ್:
ಎಲ್ರಿಗೂ ನಮಸ್ಕಾರ. ವಿಮಾನ 1975ರ ಸೆಸ್ನಾ 172ಎಂ, ನಾಲ್ಕು ಸಿಲಿಂಡರ್‌ನ ಲೈಕಮಿಂಗ್ ಓ-320 ಎಂಜಿನ್. ರಫ್ ಓಡ್ತಿದೆ. ಸ್ಟಾರ್ಟ್ ಮಾಡಿದ್ರೆ ಮುಂದಿನ ಗಾಜು ಗಡಗಡ ಅನ್ನುತ್ತೆ, ಪ್ಯಾನೆಲ್ ಮೇಲಿಟ್ಟ ಪೆನ್ನು ಉರುಳಿ ಕಾಲ ಹತ್ರ ಬೀಳುತ್ತೆ. ಇಲ್ಲಿನ ಮೆಕ್ಯಾನಿಕ್ ಮೊದಲು ಪ್ಲಗ್ ಇರ್ಬೇಕು ಅಂದ್ರು, ಎಂಟನ್ನೂ ಹೊಸದು ಹಾಕಿಸಿದೆ. ಆಮೇಲೆ ಹಾರ್ನೆಸ್ (ಪ್ಲಗ್‌ಗೆ ಹೋಗೋ ವೈರ್‌ಗಳು) ಅಂದ್ರು, ಅದನ್ನೂ ಚೆಕ್ ಮಾಡಿಸಿದೆ. ಬಿಲ್ ಬಂತು, ನಡುಕ ಹೋಗ್ಲಿಲ್ಲ. ಕಂಪ್ರೆಷನ್ (ಸಿಲಿಂಡರ್ ಗಾಳಿ ಎಷ್ಟು ಹಿಡಿದಿಡುತ್ತೆ ಅನ್ನೋ ಅಳತೆ) ನಾಲ್ಕೂ ಸಿಲಿಂಡರ್‌ದು 80ಕ್ಕೆ 70ರ ಮೇಲಿದೆ. ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋ ವಿಮಾನ ಇದು, ಹೀಗೆ ಅನುಮಾನ ಇಟ್ಕೊಂಡು ಹಾರೋಕೆ ನನಗೆ ಮನಸ್ಸಿಲ್ಲ. ಏನಿರಬಹುದು?

ಧಾರವಾಡ_ಟು_ಡೇವಿಸ್:
ಹೊಸಾ ಪ್ಲಗ್ ಹಾಕಿದ್ರ ಮುಗೀತು ಅಂತ ತಿಳ್ಕೋಬ್ಯಾಡ್ರಿ. ಇದು ಲೆಡ್ ಫೌಲಿಂಗ್, ಅಂದ್ರ ಪ್ಲಗ್ಗಿಗೆ ಸೀಸ ಕಟ್ಟೋದು. ನಿಮ್ಮ ಎಂಜಿನ್ ಮಾಡಿದ್ದು 80 ಆಕ್ಟೇನ್ ಪೆಟ್ರೋಲಿಗೆ, ಅದ್ರಾಗ ಗ್ಯಾಲನ್ನಿಗೆ ಅರ್ಧ ಗ್ರಾಂ ಸೀಸ ಇರ್ತಿತ್ತು. ಈಗ ನಾವು ಹಾಕೋ 100 ಎಲ್‌ಎಲ್ ಅನ್ನೋ ವಿಮಾನದ ಪೆಟ್ರೋಲಿನಾಗ 2 ಗ್ರಾಂ ತನಕ ಇರ್ತದ. ಅಷ್ಟೂ ಸುಟ್ಟು ಹೊರಗ ಹೋಗಂಗಿಲ್ಲ, ಕೆಳಗಿನ ಪ್ಲಗ್ಗಿನ ಬಾಯಾಗ ಸಣ್ಣ ಸಣ್ಣ ಬೂದಿ ಬಣ್ಣದ ಗುಂಡು ಕಟ್ಟತದ. ಕೆಳಗಿನ ನಾಲ್ಕೂ ಬಿಚ್ಚಿ ಬೆಳಕಿನ್ಯಾಗ ನೋಡ್ರಿ. ಟ್ಯಾಕ್ಸಿ ಮಾಡೂ ಮುಂದ (ನೆಲದ ಮ್ಯಾಲೆ ಓಡಿಸೂವಾಗ) ಮಿಕ್ಸ್ಚರ್ ಲೀನ್, ಅಂದ್ರ ಗಾಳಿಗೆ ಬೆರೆಯೋ ಪೆಟ್ರೋಲ್ ಕಮ್ಮಿ, ಮಾಡ್ತೀರೋ ಇಲ್ಲೋ? ಮಾಡಲಿಲ್ಲಂದ್ರ ಹೊಸಾ ಪ್ಲಗ್ಗೂ ಹತ್ತು ತಾಸಿನ್ಯಾಗ ಹಳೇದಾಗ್ತಾವು.

ಕರಾವಳಿ_ಪೈಲಟ್:
ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಗುಂಡಿ) ಎಳೆದು ನೋಡಿದಿರಾ ಮಾರಾಯ್ರೆ? ಈ ಎಂಜಿನ್‌ಗೆ ಕಾರ್ಬ್ ಐಸ್ (ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ) ಬರ್ಲಿಕ್ಕೆ ಹಿಮ ಬೀಳುವ ಚಳಿ ಬೇಕಂತ ಇಲ್ಲ. 20 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಇದ್ರೆ ಸಾಕು.

ಹೈವಿಂಗ್_ಆಸ್ಟಿನ್:
ಕಾರ್ಬ್ ಹೀಟ್ ಹಾಕಿದ್ರೂ ಅದೇ. ಟ್ಯಾಕ್ಸಿಯಲ್ಲಿ ಲೀನ್ ಮಾಡಲ್ಲ, ಚೆಕ್‌ಲಿಸ್ಟ್‌ನಲ್ಲಿ ಮಿಕ್ಸ್ಚರ್ ರಿಚ್ ಅಂತಾನೇ ಇದೆ. ಕೆಳಗಿನ ಪ್ಲಗ್ ತೆಗೆದು ನೋಡಿದೆ, ಒಂದರಲ್ಲಿ ಸ್ವಲ್ಪ ಮಸಿ ಇತ್ತು, ಗುಂಡು ಯಾವುದೂ ಇಲ್ಲ. ರನ್-ಅಪ್ (ಟೇಕಾಫ್‌ಗೆ ಮುಂಚಿನ ಎಂಜಿನ್ ಪರೀಕ್ಷೆ) ಕೂಡ ಸರಿ ಇದೆ, 1700 ಆರ್‌ಪಿಎಂನಲ್ಲಿ ಎಡ ಮ್ಯಾಗ್ (ಕಿಡಿ ಕೊಡೋ ಮ್ಯಾಗ್ನೆಟೊ) ಒಂದನ್ನೇ ಇಟ್ರೆ 75 ಇಳಿಯುತ್ತೆ, ಬಲ 90.

ಧಾರವಾಡ_ಟು_ಡೇವಿಸ್:
ಹಂಗಾರ ಮ್ಯಾಗ್ನೆಟೊ. ಸ್ಲಿಕ್ ಕಂಪನೀದಿದ್ರ 500 ತಾಸಿಗೊಮ್ಮೆ ಬಿಚ್ಚಿ ಪಾಯಿಂಟ್, ಕಾರ್ಬನ್ ಬ್ರಶ್, ಡಿಸ್ಟ್ರಿಬ್ಯೂಟರ್ ಬ್ಲಾಕ್ ಎಲ್ಲಾ ನೋಡ್ಬೇಕು. ಲಾಗ್‌ಬುಕ್‌ನಾಗ ಕಡೀಗೆ ಯಾವಾಗ ನೋಡ್ಯಾರ? ಸ್ಟಾರ್ಟ್ ಆಗೂ ಮುಂದ ಕೀಲಿ ಬಲ ಮ್ಯಾಗ್ ಬಂದ್ ಮಾಡಿರ್ತದ, ಎಡದ್ದೊಂದೇ ಕೆಲಸ ಮಾಡ್ತದ. ಎಡದ್ದರ ಇಂಪಲ್ಸ್ ಕಪ್ಲಿಂಗ್ (ಸ್ಟಾರ್ಟ್ ಹೊತ್ತಿನ್ಯಾಗ ಜೋರ ಕಿಡಿ ಬರೋ ಹಂಗ ಮಾಡೋ ಭಾಗ) ಸವದಿದ್ರ ಇದೇ ಆಗ್ತದ.

ಆರ್‌ಎಚ್‌ವಿ_ಹ್ಯಾಂಗರ್:
ಲೀನ್ ಮಾಡಲ್ಲ ಅನ್ನೋದನ್ನ ಹಾಗೇ ಬಿಟ್ಟು ಮುಂದೆ ಹೋಗ್ಬೇಡಿ. ನೆಲದ ಮೇಲೆ ಎಷ್ಟು ಬೇಕಾದ್ರೂ ಲೀನ್ ಮಾಡಬಹುದು, ಆ ಪವರ್‌ನಲ್ಲಿ ಎಂಜಿನ್‌ಗೆ ಏನೂ ಆಗಲ್ಲ. ಎಷ್ಟು ಲೀನ್ ಇರ್ಬೇಕು ಅಂದ್ರೆ, ಮರೆತು ಟೇಕಾಫ್‌ಗೆ ಥ್ರಾಟಲ್ ಕೊಟ್ರೆ ಎಂಜಿನ್ ಮುಗ್ಗರಿಸಬೇಕು. ಆಗ ಮರೆತದ್ದು ಅಲ್ಲೇ ಗೊತ್ತಾಗುತ್ತೆ. ಇಲ್ಲಿ ಕ್ಯಾಲಿಫೋರ್ನಿಯದ ರೀಡ್-ಹಿಲ್‌ವ್ಯೂ ಏರ್‌ಪೋರ್ಟ್‌ನಲ್ಲಿ 2022ರ ಜನವರಿಯಿಂದ ಕೌಂಟಿಯವರು 100 ಎಲ್‌ಎಲ್ ಮಾರೋದನ್ನೇ ನಿಲ್ಲಿಸಿದ್ರು, ನಾನು ಸೀಸ ಇಲ್ಲದ ಯುಎಲ್94 ಪೆಟ್ರೋಲ್ ಹಾಕ್ತಿದ್ದೀನಿ. ಪ್ಲಗ್ ತೆಗೆದು ನೋಡಿದ್ರೆ ತೊಳೆದಿಟ್ಟ ಹಾಗಿರುತ್ತೆ. ಸೀಸ ಇಲ್ಲದಿದ್ರೆ ಈ ಅರ್ಧ ತಲೆನೋವು ಇರೋದೇ ಇಲ್ಲ.

ಕರಾವಳಿ_ಪೈಲಟ್:
ಸೀಸ ತೆಗೆದ ಕೂಡ್ಲೇ ಎಲ್ಲ ಸರಿ ಅಂತ ಹೇಳ್ಬೇಡಿ. ನಾರ್ತ್ ಡಕೋಟ ಯೂನಿವರ್ಸಿಟಿಯವರು 2023ರಲ್ಲಿ ತಮ್ಮ ಟ್ರೈನಿಂಗ್ ವಿಮಾನಗಳಿಗೆ ಯುಎಲ್94 ಹಾಕಿ, ಎಕ್ಸಾಸ್ಟ್ ವಾಲ್ವ್ ಸೀಟ್ (ಹೊಗೆ ಬಿಡುವ ವಾಲ್ವ್ ಕೂರುವ ಜಾಗ) ಸವೆಯುವುದು ಕಂಡು ಅದೇ ವರ್ಷ 100 ಎಲ್‌ಎಲ್‌ಗೆ ವಾಪಸ್ ಹೋದ್ರು. ಅವು ಕೂಡ ಲೈಕಮಿಂಗ್ ಎಂಜಿನ್‌ಗಳೇ.

ಆರ್‌ಎಚ್‌ವಿ_ಹ್ಯಾಂಗರ್:
ಅವರ ವಿಮಾನಗಳು ಬೆಳಗ್ಗೆಯಿಂದ ಸಂಜೆವರೆಗೆ ಹಾರ್ತವೆ, ಲೀನ್ ಮಾಡೋ ರೀತಿನೂ ಬೇರೆ. ನಮ್ಮ ಹಾಗೆ ವಾರಕ್ಕೊಮ್ಮೆ ಹಾರೋರಿಗೆ ಅದನ್ನ ಹಾಗೇ ಅನ್ವಯಿಸೋದು ಸರಿಯಲ್ಲ. ನಮ್ಮ ಬೆಂಗಳೂರಲ್ಲೇ ನೋಡಿ, ಎನ್‌ಎಎಲ್‌ನ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಹಂಸ-ಎನ್‌ಜಿ ತರಬೇತಿ ವಿಮಾನಕ್ಕೆ ರೋಟ್ಯಾಕ್ಸ್ 912 ಹಾಕಿದ್ದಾರೆ, ಅದು ಸೀಸ ಇಲ್ಲದ ಪೆಟ್ರೋಲ್‌ನಲ್ಲೇ ಚೆನ್ನಾಗಿ ಓಡೋ ಎಂಜಿನ್.

ಕರಾವಳಿ_ಪೈಲಟ್:
ರೋಟ್ಯಾಕ್ಸನ್ನು ಶುರುವಿನಿಂದಲೇ ಹಾಗೆ ಮಾಡಿದ್ದು. ಐವತ್ತು ವರ್ಷ ಹಳೆಯ ಲೈಕಮಿಂಗ್ ಜೊತೆ ಹೋಲಿಸುವುದು ಹೇಗೆ?

ಜಕ್ಕೂರು_ಎಎಂಇ:
ಪೆಟ್ರೋಲ್ ವಿಷಯ ಆಮೇಲೆ ಮಾತಾಡಿ. ಹೈವಿಂಗ್ ಅವರೇ, ಮೂರು ಪ್ರಶ್ನೆ. ಈ ನಡುಕ ದಿನದ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಬರುತ್ತಾ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿದ್ರೂ ಬರುತ್ತಾ? ಬಂದ್ರೆ ಎಷ್ಟು ಹೊತ್ತಿಗೆ ನಿಲ್ಲುತ್ತೆ? ನಡುಗ್ತಿರುವಾಗಲೇ ಎಡ, ಬಲ ಮ್ಯಾಗ್ ಒಂದೊಂದಾಗಿ ಹಾಕಿ ನೋಡಿದ್ದೀರಾ? ರನ್-ಅಪ್ ಹೊತ್ತಿಗೆ ನೋಡಿದ್ದು ಲೆಕ್ಕಕ್ಕೆ ಬರಲ್ಲ, ಅಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತೆ.

ಹೈವಿಂಗ್_ಆಸ್ಟಿನ್:
ಹೌದು, ಬೆಳಗ್ಗೆ ಮೊದಲ ಸ್ಟಾರ್ಟ್‌ಗೆ ಮಾತ್ರ. ಒಂದೆರಡು ನಿಮಿಷದಲ್ಲಿ ತಾನಾಗೇ ಸರಿಹೋಗುತ್ತೆ, ಆಮೇಲೆ ಇಡೀ ದಿನ ರೇಷ್ಮೆ ಥರ ಓಡುತ್ತೆ. ನಡುಗುವಾಗ ಮ್ಯಾಗ್ ಬದಲಾಯಿಸಿದ್ರೆ ಎರಡರಲ್ಲೂ ಒಂದೇ ಥರ. ಇನ್ನೊಂದು, ಮನೆ ಬದಲಾಯಿಸಿದ ಮೇಲೆ ವಿಮಾನ ಎಷ್ಟೋ ತಿಂಗಳು ಹ್ಯಾಂಗರ್‌ನಲ್ಲೇ ನಿಂತಿತ್ತು. ಆಯಿಲ್ ಕಳೆದ ಸಲದ ಆ್ಯನ್ಯುಯಲ್‌ನಲ್ಲಿ (ವರ್ಷದ ತಪಾಸಣೆ) ಹಾಕಿದ್ದು, ಅಷ್ಟೇನೂ ಹಾರಿಲ್ಲ ಅಂತ ಹಾಗೇ ಇದೆ.

ಜಕ್ಕೂರು_ಎಎಂಇ:
ಈಗ ಗೊತ್ತಾಯ್ತು. ಪ್ಲಗ್ಗೂ ಅಲ್ಲ, ಮ್ಯಾಗ್ನೆಟೊನೂ ಅಲ್ಲ. ಪ್ರತಿ ಸಿಲಿಂಡರ್‌ಗೂ ಎರಡು ಪ್ಲಗ್, ಒಂದಕ್ಕೆ ಎಡ ಮ್ಯಾಗ್‌ನಿಂದ ಕಿಡಿ, ಇನ್ನೊಂದಕ್ಕೆ ಬಲ ಮ್ಯಾಗ್‌ನಿಂದ. ಎರಡರಲ್ಲೂ ಒಂದೇ ಥರ ನಡುಗ್ತಿದೆ ಅಂದ್ರೆ ಕಿಡಿ ಬರ್ತಿದೆ, ಆದ್ರೆ ಒಂದು ಸಿಲಿಂಡರ್ ಉಸಿರಾಡ್ತಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಗೈಡ್ ಅನ್ನೋ ಕೊಳವೆಯಲ್ಲಿ ಕಚ್ಚಿಕೊಳ್ತಿದೆ. ಲೈಕಮಿಂಗ್ ಓಡಿಸೋರು ಇದನ್ನ ಮಾರ್ನಿಂಗ್ ಸಿಕ್‌ನೆಸ್ ಅಂತಲೇ ಕರೀತಾರೆ.

ಆಗೋದು ಹೀಗೆ. ವಾಲ್ವ್‌ನ ಸ್ಟೆಮ್ (ಕಡ್ಡಿಯಂಥ ಉದ್ದ ಭಾಗ) ಗೈಡ್ ಒಳಗೆ ಮೇಲೆ ಕೆಳಗೆ ಓಡಾಡುತ್ತೆ. ಎಕ್ಸಾಸ್ಟ್ ಕಡೆ ವಿಪರೀತ ಬಿಸಿ, ಅಲ್ಲಿಗೆ ಬಂದ ಆಯಿಲ್ ಸುಟ್ಟು ಕಾರ್ಬನ್ ಆಗಿ ಗೈಡ್ ಗೋಡೆಗೆ ಅಂಟುತ್ತೆ. ಆಯಿಲ್ ಹಳೇದು, ಕೊಳಕು ಆದಷ್ಟೂ ಇದು ಬೇಗ ಬೆಳೆಯುತ್ತೆ. ರಾತ್ರಿ ಎಂಜಿನ್ ತಣ್ಣಗಾದಾಗ ಅಲ್ಯೂಮಿನಿಯಂ ಹೆಡ್ಡು ಉಕ್ಕಿನ ಸ್ಟೆಮ್‌ಗಿಂತ ಜಾಸ್ತಿ ಕುಗ್ಗುತ್ತೆ. ಇದ್ದ ಅಷ್ಟಿಷ್ಟು ಜಾಗದಲ್ಲಿ ಕಾರ್ಬನ್ ಕೂತಿರುತ್ತೆ, ಹಾಗಾಗಿ ವಾಲ್ವ್ ಸಿಕ್ಕಿಹಾಕಿಕೊಳ್ಳುತ್ತೆ. ಎಂಜಿನ್ ಬಿಸಿಯಾದ ಮೇಲೆ ಹಿಡಿತ ಸಡಿಲ ಆಗಿ ಬಿಡುತ್ತೆ, ನೀವು ಸರಿಹೋಯ್ತು ಅಂದ್ಕೊಳ್ತೀರಿ.

ಸರಿಯಾಗಿರಲ್ಲ. ವಾಲ್ವ್ ಗಟ್ಟಿಯಾಗಿ ಕಚ್ಚಿದ ದಿನ ಪುಶ್‌ರಾಡ್ (ವಾಲ್ವ್ ತೆರೆಯೋಕೆ ತಳ್ಳೋ ಸರಳು) ಬಾಗುತ್ತೆ, ಅದರ ಸುತ್ತ ಇರೋ ಶ್ರೌಡ್ ಟ್ಯೂಬ್ ಒಡೆದ್ರೆ ಆಯಿಲ್ ಹೊರಗೆ ಚೆಲ್ಲುತ್ತೆ. ಅದು ಟೇಕಾಫ್ ಆದ ಕೂಡ್ಲೇ ಆದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ. ಇದು ಸರಿಯಾಗೋವರೆಗೂ ಹಾರಬೇಡಿ.

ಧಾರವಾಡ_ಟು_ಡೇವಿಸ್:
ಸರ್, ಕಂಪ್ರೆಷನ್ ನಾಲ್ಕೂ 70ರ ಮ್ಯಾಲೆ ಐತಿ ಅಂತ ಅವರ ಹೇಳ್ಯಾರಲ್ಲ. ವಾಲ್ವ್ ಕೂಡವಲ್ದು ಅಂದ್ರ ಎಕ್ಸಾಸ್ಟಿನ್ಯಾಗ ಗಾಳಿ ಸುಂಯ್ ಅಂತ ಕೇಳ್ಬೇಕಿತ್ತು. ಮ್ಯಾಗ್ನೆಟೊ ಬಿಚ್ಚದನ ವಾಲ್ವ್ ಅಂತ ಹ್ಯಾಂಗ ಹೇಳ್ತೀರಿ?

ಜಕ್ಕೂರು_ಎಎಂಇ:
ಕಂಪ್ರೆಷನ್ ಟೆಸ್ಟ್ ಮಾಡೋದು ಎಂಜಿನ್ ಓಡಿಸಿ ಬಿಸಿ ಇರುವಾಗ. ಆ ಹೊತ್ತಿಗೆ ವಾಲ್ವ್ ಬಿಟ್ಟಿರುತ್ತೆ, ಸೀಟ್ ಮೇಲೆ ಚೆನ್ನಾಗಿ ಕೂತಿರುತ್ತೆ, 80ಕ್ಕೆ 76 ಬೇಕಾದ್ರೂ ತೋರಿಸುತ್ತೆ. ಈ ತೊಂದರೆ ಆ ಟೆಸ್ಟ್‌ಗೆ ಸಿಗೋದೇ ಇಲ್ಲ. ಸೀಸದ ಬಗ್ಗೆ ನೀವು ಹೇಳಿದ್ದು ನಿಜ, ಆದ್ರೆ ಪ್ಲಗ್ ಫೌಲ್ ಆಗಿದ್ರೆ ಒಂದು ಮ್ಯಾಗ್‌ನಲ್ಲಿ ಮಾತ್ರ ಮಿಸ್ ಆಗ್ಬೇಕಿತ್ತು.

ಹೈವಿಂಗ್ ಅವರೇ, ಯಾವ ಸಿಲಿಂಡರ್ ಅಂತ ನೀವೇ ಕಂಡುಹಿಡೀಬಹುದು. ರಾತ್ರಿಯಿಡೀ ತಣ್ಣಗಾಗಿರಬೇಕು. ಮೇಲಿನ ಕೌಲಿಂಗ್ (ಎಂಜಿನ್ ಮುಚ್ಚಳ) ಮೊದಲೇ ತೆಗೆದಿಡಿ, ಚಕ್ರ ಉರುಳದ ಹಾಗೆ ಅಡ್ಡ ಚಾಕ್ ಇಡಿ, ಮುಂದೆ ಯಾರೂ ಇರಬಾರದು. ಸ್ಟಾರ್ಟ್ ಮಾಡಿ, ನಡುಗ್ತಿರುವಾಗಲೇ ಅರ್ಧ ನಿಮಿಷದೊಳಗೆ ಮಿಕ್ಸ್ಚರ್ ಎಳೆದು ಆಫ್ ಮಾಡಿ. ಕೀಲಿ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ಯಲ್ಲ, ಅದನ್ನ ಹೆಡ್ ಪಕ್ಕದಲ್ಲೇ ಎಕ್ಸಾಸ್ಟ್ ಪೈಪ್ ಮೇಲೆ ಹಿಡೀರಿ. ಮೂರು ಸುಡ್ತಿರುತ್ತೆ, ಒಂದು ಬೆಚ್ಚಗಿರುತ್ತೆ. ಪ್ರೊಪೆಲರ್ ಕೈಯಲ್ಲಿ ತಿರುಗಿಸಬೇಡಿ. ಪಿ-ಲೀಡ್ (ಮ್ಯಾಗ್ನೆಟೊ ಆಫ್ ಮಾಡೋ ವೈರ್) ತುಂಡಾಗಿದ್ರೆ ಕೀಲಿ ಆಫ್ ಇದ್ರೂ ಮ್ಯಾಗ್ನೆಟೊ ಕಿಡಿ ಕೊಡುತ್ತೆ.

ಗಾಜಿನ_ಪ್ಯಾನೆಲ್:
ಇದಕ್ಕೇ ನಾನು ಎಂಜಿನ್ ಮಾನಿಟರ್ ಇಲ್ಲದೆ ಯಾರೂ ಹಾರಬಾರದು ಅನ್ನೋದು. ನನ್ನ ಸೆಸ್ನಾ 182ನಲ್ಲಿ ಜೆಪಿಐ 830 ಮಾನಿಟರ್ ಇದೆ, ಎಲ್ಲಾ ಸಿಲಿಂಡರ್‌ನ ಇಜಿಟಿ (ಎಕ್ಸಾಸ್ಟ್ ಬಿಸಿ), ಸಿಎಚ್‌ಟಿ (ಹೆಡ್ ಬಿಸಿ) ಬೇರೆ ಬೇರೆ ಕಾಣುತ್ತೆ. ಸ್ಟಾರ್ಟ್ ಆದ ಕೂಡ್ಲೇ ಒಂದು ಪಟ್ಟಿ ಮೇಲೇಳ್ಲಿಲ್ಲ ಅಂದ್ರೆ ಅಲ್ಲೇ ಗೊತ್ತಾಗುತ್ತೆ, ಥರ್ಮಾಮೀಟರ್ ಹಿಡ್ಕೊಂಡು ಓಡಾಡ್ಬೇಕಾಗಿಲ್ಲ. ಎರಡು ಗಾರ್ಮಿನ್ ಜಿ5 ಸ್ಕ್ರೀನ್, ಜಿಎಫ್‌ಸಿ 500 ಆಟೊಪೈಲಟ್ ಕೂಡ ಹಾಕಿಸಿದ್ದೀನಿ. ಹಳೇ ವ್ಯಾಕ್ಯೂಮ್ ಪಂಪ್ ತೆಗೆದ ದಿನ ಆದ ನೆಮ್ಮದಿ ಹೇಳೋಕಾಗಲ್ಲ. ಬೇಕಿದ್ರೆ ಪ್ಯಾನೆಲ್ ಫೋಟೊ ಹಾಕ್ತೀನಿ.

ಕರಾವಳಿ_ಪೈಲಟ್:
ಫೋಟೊ ಹಾಕಿ, ಆದ್ರೆ ಬೇರೆ ಚರ್ಚೆಯಲ್ಲಿ. ಇಲ್ಲಿ ವಾಲ್ವ್ ವಿಷಯ ಮುಗಿಯಲಿ. ಮಾರ್ವೆಲ್ ಮಿಸ್ಟರಿ ಆಯಿಲ್ ಪೆಟ್ರೋಲ್‌ಗೆ ಸ್ವಲ್ಪ ಬೆರೆಸಿದ್ರೆ ಕಾರ್ಬನ್ ಕರಗ್ತದೆ ಅಂತ ನಮ್ಮ ಫೀಲ್ಡಿನ ಹಿರಿಯರು ಹೇಳ್ತಾರೆ. ಬಿಚ್ಚುವ ಮೊದಲು ಒಮ್ಮೆ ನೋಡ್ಬಹುದಾ?

ಜಕ್ಕೂರು_ಎಎಂಇ:
ಬೇಡ. ಅದಕ್ಕೆ ಲೈಕಮಿಂಗ್ ಒಪ್ಪಿಗೆ ಇಲ್ಲ. ಕಚ್ಚಿಕೊಂಡಿರೋ ವಾಲ್ವ್‌ಗೆ ಬಾಟಲಿ ಔಷಧಿ ಹಾಕಿ ಹಾರಿ ನೋಡೋದು ಸುರಕ್ಷಿತ ಅಲ್ಲ.

ಹೈವಿಂಗ್_ಆಸ್ಟಿನ್:
ಸರ್, ಬೆಳಗ್ಗೆ ನೀವು ಹೇಳಿದ ಹಾಗೇ ಮಾಡಿದೆ. ಮೂರನೇ ಸಿಲಿಂಡರ್. ಬೇರೆ ಮೂರರ ಹತ್ರ ಕೈ ತರೋಕೂ ಆಗ್ತಿರಲಿಲ್ಲ, ಮೂರನೇದರ ಪೈಪ್ ಕೈಯಲ್ಲಿ ಹಿಡೀಬಹುದಿತ್ತು. ಇಷ್ಟು ದಿನ ಖರ್ಚು ಮಾಡಿದ್ದು ನೆನೆದು ಹೊಟ್ಟೆ ಉರೀತಿದೆ. ಈಗ ಸಿಲಿಂಡರ್ ತೆಗೀಬೇಕಾ? ವಾಲ್ವ್ ಕೆಲಸ ಚೆನ್ನಾಗಿ ಮಾಡೋ ಶಾಪ್ ಇರೋದು ಇನ್ನೊಂದು ಏರ್‌ಪೋರ್ಟ್‌ನಲ್ಲಿ, ಇಪ್ಪತ್ತು ನಿಮಿಷದ ಹಾರಾಟ. ಬಿಸಿಯಾದ ಮೇಲೆ ಹೇಗೂ ಸರಿ ಇರುತ್ತೆ, ನಿಧಾನಕ್ಕೆ ಅಲ್ಲಿಗೆ ಒಯ್ಯಬಹುದಾ?

ಜಕ್ಕೂರು_ಎಎಂಇ:
ಒಯ್ಯಬೇಡಿ. ಮೆಕ್ಯಾನಿಕ್ಕನ್ನೇ ಕರೆಸಿ. ಸಿಲಿಂಡರ್ ತೆಗೆಯೋ ಅಗತ್ಯ ಬಹುತೇಕ ಇರಲ್ಲ, ವಿಮಾನದ ಮೇಲೇ ಆಗುವ ಕೆಲಸ. ಲೈಕಮಿಂಗ್ ಸರ್ವಿಸ್ ಇನ್‌ಸ್ಟ್ರಕ್ಷನ್ 1425ರಲ್ಲಿ ವಿಧಾನ ಇದೆ. ರಾಕರ್ ಕವರ್, ರಾಕರ್ (ವಾಲ್ವ್ ಒತ್ತೋ ತೋಳು) ತೆಗೀತಾರೆ. ಮೇಲಿನ ಪ್ಲಗ್ ರಂಧ್ರದಿಂದ ನೈಲಾನ್ ಹಗ್ಗ ಒಳಗೆ ತುಂಬಿ, ಪಿಸ್ಟನ್ ಮೇಲೆ ತಂದು, ಆ ಹಗ್ಗ ವಾಲ್ವನ್ನ ಒಳಗಿಂದ ಒತ್ತಿ ಹಿಡಿಯೋ ಹಾಗೆ ಮಾಡ್ತಾರೆ. ಆಗ ಸ್ಪ್ರಿಂಗ್ ಬಿಚ್ಚಬಹುದು. ಹಗ್ಗ ಎಳೆದು ವಾಲ್ವನ್ನ ಸಿಲಿಂಡರ್ ಒಳಗೆ ಬೀಳಿಸಿ, ಗೈಡ್‌ಗೆ ಗ್ರೀಸ್ ಹಚ್ಚಿದ ರೀಮರ್ (ತೂತಿನ ಒಳಗೋಡೆ ಕೆರೆಯೋ ಉಪಕರಣ) ಹಾಕಿ ತಿರುಗಿಸಿದ್ರೆ ಕಾರ್ಬನ್ ಅದಕ್ಕೇ ಅಂಟ್ಕೊಂಡು ಈಚೆ ಬರುತ್ತೆ. ವಾಲ್ವ್ ಸ್ಟೆಮ್ಮನ್ನ ಮತ್ತೆ ಗೈಡ್‌ಗೆ ಸೇರಿಸೋದೇ ತಾಳ್ಮೆಯ ಕೆಲಸ, ಎಕ್ಸಾಸ್ಟ್ ವಾಲ್ವ್‌ಗೆ ಮ್ಯಾಗ್ನೆಟ್ ಸರಿಯಾಗಿ ಹಿಡಿಯಲ್ಲ. ಹಗ್ಗದ ತುದಿ ಹೊರಗೆ ಕಟ್ಟಿರಲಿ, ಒಳಗೆ ಜಾರಿದ್ರೆ ಆಗ ನಿಜವಾಗಿ ಸಿಲಿಂಡರ್ ತೆಗೀಬೇಕಾಗುತ್ತೆ.

ಅದೇ ಹೊತ್ತಿಗೆ ಮೂರನೇ ಸಿಲಿಂಡರ್‌ನ ಪುಶ್‌ರಾಡನ್ನ ಗಾಜಿನ ಮೇಲೆ ಉರುಳಿಸಿ ನೋಡೋಕೆ ಹೇಳಿ. ಒಂದಿಷ್ಟು ಬಾಗಿದ್ರೂ ಬದಲಾಯಿಸಿ.

ಆರ್‌ಎಚ್‌ವಿ_ಹ್ಯಾಂಗರ್:
ಇದನ್ನ ಮಾಲೀಕರೇ ಮಾಡ್ಕೋಬಹುದಾ? ಪ್ಲಗ್, ಆಯಿಲ್ ನಾನೇ ಬದಲಾಯಿಸ್ತೀನಿ.

ಗಾಜಿನ_ಪ್ಯಾನೆಲ್:
ಪ್ಲಗ್, ಆಯಿಲ್ ಅಮೆರಿಕದ ವಿಮಾನ ನಿಯಮ ಪಾರ್ಟ್ 43ರ ಅಪೆಂಡಿಕ್ಸ್ ಎ ಪಟ್ಟಿಯಲ್ಲಿವೆ, ಪೈಲಟ್ ಲೈಸೆನ್ಸ್ ಇರೋ ಮಾಲೀಕ ಮಾಡಿ ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಬಹುದು. ವಾಲ್ವ್ ಆ ಪಟ್ಟಿಯಲ್ಲಿಲ್ಲ. ಎ ಆ್ಯಂಡ್ ಪಿ (ಲೈಸೆನ್ಸ್ ಪಡೆದ) ಮೆಕ್ಯಾನಿಕ್ ಪಕ್ಕದಲ್ಲಿ ನಿಂತು ಮಾಡಿಸಿದ್ರೆ ನೀವು ಕೈಜೋಡಿಸಬಹುದು, ಸಹಿ ಅವರದ್ದೇ.

ಧಾರವಾಡ_ಟು_ಡೇವಿಸ್:
ಮೂರನೇದು ತಣ್ಣಗಿತ್ತು ಅಂದ ಮ್ಯಾಲೆ ನಾನೂ ಒಪ್ತೀನಿ, ವಾಲ್ವ್. ಆದ್ರ 500 ತಾಸಿನ ಮ್ಯಾಗ್ನೆಟೊ ಇನ್‌ಸ್ಪೆಕ್ಷನ್ ಆಗಿಲ್ಲಂದ್ರ ಅದನ್ನೂ ಮಾಡಸ್ರಿ. ಮತ್ತ ಆಯಿಲ್! ಆಯಿಲ್ ಸೋಸೋ ಸ್ಕ್ರೀನ್ (ಜಾಲರಿ) ಅಷ್ಟ ಇದ್ರ 25 ತಾಸಿಗೆ, ಫಿಲ್ಟರ್ ಇದ್ರ 50ಕ್ಕ. ಹಾರಲಿಲ್ಲಂದ್ರೂ ನಾಲ್ಕು ತಿಂಗಳಿಗೆ ಬದಲಾಯಿಸಲೇಬೇಕು. ನಿಂತ ಎಂಜಿನ್ನಿಗೆ ನೀರು, ಆಸಿಡ್ ಎರಡೂ ಆಯಿಲಿನ್ಯಾಗ ಉಳೀತಾವು.

ಮಾಡರೇಟರ್:
ಯುಎಲ್94 ಮತ್ತು 100 ಎಲ್‌ಎಲ್ ವಿಷಯದ ಹೊಸ ಪೋಸ್ಟ್‌ಗಳನ್ನು ಬೇರೆ ಚರ್ಚೆಗೆ ಸರಿಸಲಾಗಿದೆ. ಪ್ಯಾನೆಲ್ ಫೋಟೊಗಳಿಗೂ ಪ್ರತ್ಯೇಕ ಜಾಗ ಇದೆ.

ಹೈವಿಂಗ್_ಆಸ್ಟಿನ್:
ಎಲ್ರಿಗೂ ಧನ್ಯವಾದ. ಮೆಕ್ಯಾನಿಕ್ ಶನಿವಾರ ಹ್ಯಾಂಗರ್‌ಗೇ ಬರ್ತಾರೆ, ಆಯಿಲ್ ಅವತ್ತೇ ಬದಲಾಯಿಸ್ತೀನಿ. ಎರಡು ಪ್ರಶ್ನೆ ಉಳಿದಿದೆ. ಮೂರನೇದೊಂದನ್ನೇ ಮಾಡಿಸ್ಲಾ, ನಾಲ್ಕನ್ನೂ ಮಾಡಿಸ್ಲಾ? ಮತ್ತೆ ಅವರ ಹತ್ರ ಇರೋ ರೀಮರ್ ಈ ಗೈಡ್ ಸೈಜಿಂದಲ್ಲ. ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆ ಯಾರ ಹತ್ರ ಆದ್ರೂ ಬಾಡಿಗೆಗೆ ಸಿಗುತ್ತಾ?

ಜಕ್ಕೂರು_ಎಎಂಇ:
ಮೂರನೇದು ರೀಮ್ ಮಾಡಿಸಿ. ಉಳಿದ ಮೂರನ್ನು ಸರ್ವಿಸ್ ಬುಲೆಟಿನ್ 388ರ ಪ್ರಕಾರ ಅಳೆಸಿ, ಗೈಡ್‌ನಲ್ಲಿ ವಾಲ್ವ್ ಎಷ್ಟು ಆಡುತ್ತೆ ಅಂತ ಅದ್ರಲ್ಲಿ ಗೊತ್ತಾಗುತ್ತೆ. ಕಮ್ಮಿ ಆಡಿದ್ರೆ ಕಾರ್ಬನ್ ಇದೆ, ಅದನ್ನೂ ರೀಮ್ ಮಾಡ್ಬೇಕು. ಜಾಸ್ತಿ ಆಡಿದ್ರೆ ಗೈಡೇ ಸವೆದಿದೆ, ಆಗ ಸಿಲಿಂಡರ್ ತೆಗೀಲೇಬೇಕು. ಅಳತೆ ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.

ಆರ್‌ಎಚ್‌ವಿ_ಹ್ಯಾಂಗರ್:
ರೀಮರ್ ನಮ್ಮ ಹ್ಯಾಂಗರ್ ಪಕ್ಕದವರ ಹತ್ರ ಇದೆ, ಆದ್ರೆ ಕ್ಯಾಲಿಫೋರ್ನಿಯದಿಂದ ಕಳಿಸ್ಬೇಕು. ಸ್ಟೆಮ್ ಸೈಜ್ ಎಷ್ಟು ಅಂತ ಮೆಕ್ಯಾನಿಕ್ ಹತ್ರ ಕೇಳಿ ಬರೀರಿ, ಸರಿಹೊಂದಿದ್ರೆ ಇವತ್ತೇ ಕೊರಿಯರ್ ಹಾಕ್ತೀನಿ.